ಬಾಡಿಗೆ ಬಾಕಿ: ಮಾಲಕರಿಗೂ ಮುಪ್ಪು, ಬಾಡಿಗೆದಾರರಿಗೂ ಮುಪ್ಪು

ಮುಂಬಯಿಯಲ್ಲಿ ಹೇಗಾದರೂ ಎರಡು ಹೊತ್ತಿನ ಊಟ ಸಿಕ್ಕೀತು, ತಲೆಯ ಮೇಲೊಂದು ಸೂರು ಸಿಗುವುದು ಕಷ್ಟ ಎಂಬುದು ಊರು ಬಿಟ್ಟು ಇಲ್ಲಿಗೆ ಬಂದ ಪ್ರತಿಯೊಬ್ಬರೂ ಅನುಭವದಿಂದ ಕಲಿತ ಮಾತು. ಹೊಟೇಲಿನ ಬೆಂಚಿನ ಮೇಲೆ, ಅಂಗಡಿಯ ಅಟ್ಟದಲ್ಲಿ, ಹತ್ತು ಮಂದಿ ಸೇರಿ ಹಿಡಿದ ಒಂದೇ ರೂಮಿನಲ್ಲಿ ಮಲಗಿ ದಿನ ಕಳೆದವರು ನಮ್ಮವರಲ್ಲಿ ಸಾವಿರಾರು. ಅವರಲ್ಲಿ ಕೆಲವರು ಹೊಟ್ಟೆ ಬಟ್ಟೆ ಕಟ್ಟಿ ಉಪನಗರಗಳಲ್ಲಿ ಸ್ವಂತ ಮನೆ ಮಾಡಿದರು. ಇನ್ನೂ ಕೆಲವರು, ಮುಪ್ಪಿನಲ್ಲಿ ಯಾರ ಮುಂದೆಯೂ ಕೈ ಚಾಚಬಾರದೆಂದು, ಇನ್ನೊಂದು ಸಣ್ಣ ರೂಮು ಕೊಂಡು ಬಾಡಿಗೆಗೆ ಕೊಟ್ಟರು. ಆ ಬಾಡಿಗೆಯೇ ಅವರ ಪೆನ್ಶನ್.

ಆದರೆ ಆ ರೂಮಿನಲ್ಲಿ ಬಾಡಿಗೆಗಿರುವವರೂ ಸರಕಾರದ ಪೆನ್ಶನನ್ನೇ ನಂಬಿ ಬದುಕುವವರಾದರೆ? ಆ ಪೆನ್ಶನ್ ಒಂದು ದಿನ ಬರುವುದು ನಿಂತರೆ? ಆಗ ಒಬ್ಬ ವೃದ್ಧರ ಮುಂದೆ ಇನ್ನೊಬ್ಬ ವೃದ್ಧೆ ತಲೆ ತಗ್ಗಿಸಿ ನಿಲ್ಲಬೇಕಾಗುತ್ತದೆ. ಡೊಂಬಿವಲಿ ಪೂರ್ವದ ಒಂದು ಹಳೆಯ ಕಟ್ಟಡದಲ್ಲಿ ಆದದ್ದು ಇದುವೇ. ಇಬ್ಬರೂ ಕರಾವಳಿ ಮೂಲದ ಕನ್ನಡಿಗರು. ಹೆಸರು ಬೇಡವೆಂದು ಇಬ್ಬರೂ ಕೇಳಿಕೊಂಡಿದ್ದಾರೆ. ಹೆಸರಿಗಿಂತ ನಡೆದ ವಿಷಯವೇ ಮುಖ್ಯ.

ಆರೂವರೆ ಸಾವಿರದ ರೂಮು

ಮಾಲಕರಿಗೆ ಎಪ್ಪತ್ತೊಂದು ವರ್ಷ. ಹದಿನಾಲ್ಕನೇ ವಯಸ್ಸಿನಲ್ಲಿ ಹೊಟೇಲಿನಲ್ಲಿ ಗ್ಲಾಸು ತೊಳೆಯುವ ಕೆಲಸಕ್ಕೆ ಸೇರಿ, ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ನಿವೃತ್ತರಾದವರು. ಕೆಲಸ ಮಾಡಿದ ಹೊಟೇಲುಗಳಲ್ಲಿ ಪ್ರಾವಿಡೆಂಟ್ ಫಂಡ್ ಎಂಬುದು ಇರಲಿಲ್ಲ. ಕೂಡಿಟ್ಟ ಹಣದಲ್ಲಿ ತಾವಿರುವ ಮನೆಯ ಜೊತೆಗೆ ಒಂದು ರೂಮು-ಕಿಚನ್ ಕೊಂಡಿದ್ದರು. ಅದರ ಬಾಡಿಗೆ ತಿಂಗಳಿಗೆ 6,500 ರೂಪಾಯಿ, ಡಿಪಾಸಿಟ್ 25,000 ರೂಪಾಯಿ.

ಈ 6,500 ಪೂರ್ತಿಯಾಗಿ ಅವರ ಜೇಬಿಗೆ ಹೋಗುವುದಿಲ್ಲ. ಸೊಸೈಟಿಯ ಮೈಂಟೆನೆನ್ಸ್, ಆಸ್ತಿ ತೆರಿಗೆ, ಮಾಲಕ ತಾನಿರದೆ ಬಾಡಿಗೆಗೆ ಕೊಟ್ಟದ್ದಕ್ಕಾಗಿ ಸೊಸೈಟಿ ವಸೂಲು ಮಾಡುವ ಹೆಚ್ಚುವರಿ ಶುಲ್ಕ, ಪ್ರತಿ ಕರಾರಿನ ನೋಂದಣಿ, ಏಜೆಂಟರ ದಲ್ಲಾಳಿ ಎಲ್ಲ ಕಳೆದು ಐದು ಸಾವಿರ ಉಳಿದರೆ ಹೆಚ್ಚು. ಆ ಹೆಚ್ಚುವರಿ ಶುಲ್ಕ ಸೊಸೈಟಿಯ ಸೇವಾ ವೆಚ್ಚದ ಶೇ. 10ನ್ನು ಮೀರಕೂಡದೆಂದು ಮಹಾರಾಷ್ಟ್ರ ಸರಕಾರ 2001ರ ಆಗಸ್ಟಿನಲ್ಲಿ ಮಿತಿ ಹಾಕಿದ್ದರಿಂದ ಸ್ವಲ್ಪ ನೆಮ್ಮದಿ. ಉಳಿದ ಐದು ಸಾವಿರದಲ್ಲಿ ಗಂಡ ಹೆಂಡಿರಿಬ್ಬರ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದ ಔಷಧಿ ನಡೆಯಬೇಕು. ಮನೆ ಮಾಲಕರೆಂದರೆ ಕೂತು ಉಣ್ಣುವ ಸಾಹುಕಾರರು ಎಂದು ಭಾವಿಸುವವರು ಈ ಲೆಕ್ಕವನ್ನೊಮ್ಮೆ ನೋಡಬೇಕು.

ಬಾಡಿಗೆಗಿದ್ದ ಮಹಿಳೆಗೆ ಅರುವತ್ತೆರಡು. ಪತಿ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ದುಡಿಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಕೈಗೆ ಬಂದ ಪಿಎಫ್ ಹಣದಲ್ಲಿ ಆಸ್ಪತ್ರೆಯ ಸಾಲ ತೀರಿ, ಉಳಿದದ್ದು ಬ್ಯಾಂಕಿನಲ್ಲಿತ್ತು. ಇರುವ ಒಬ್ಬಳೇ ಮಗಳು ಮದುವೆಯಾಗಿ ನಾಶಿಕದಲ್ಲಿದ್ದಾಳೆ. ಅವಳು ಕಳುಹಿಸುತ್ತಿದ್ದ ಮೂರು ಸಾವಿರ, ವಿಧವಾ ಪೆನ್ಶನ್ ಒಂದು ಸಾವಿರ, ರಾಜ್ಯ ಸರಕಾರದ ನಿರಾಧಾರ ಯೋಜನೆಯ ಒಂದೂವರೆ ಸಾವಿರ, ಕಡಿಮೆ ಬಿದ್ದದ್ದಕ್ಕೆ ಬ್ಯಾಂಕಿನ ಉಳಿತಾಯ, ಹೀಗೆ ಬಾಡಿಗೆಯೂ ಹೊಟ್ಟೆಯೂ ನಡೆಯುತ್ತಿತ್ತು. ತಿಂಗಳ ಐದನೇ ತಾರೀಕಿಗೆ ಬಾಡಿಗೆ ತಪ್ಪಿದ್ದಿಲ್ಲ. ಪತಿಯ ಹೆಸರಿನಲ್ಲಿದ್ದ ಕರಾರನ್ನು ಅವರ ನಿಧನದ ನಂತರ ಇವರ ಹೆಸರಿಗೇ ಹೊಸದಾಗಿ ಬರೆದು ನೋಂದಣಿ ಮಾಡಿಸಲಾಗಿತ್ತು.

ಹಾಗಿರುವಾಗ ಅಳಿಯ ಕೆಲಸ ಮಾಡುತ್ತಿದ್ದ ಸಂಸ್ಥೆ ಮುಚ್ಚಿತು. ಮಗಳ ಹಣ ನಿಂತಿತು. ಉಳಿತಾಯ ತಳ ಕಂಡಿತು. ಅಷ್ಟರಲ್ಲಿ ಎರಡೂ ಪೆನ್ಶನ್‌ಗಳು ಏಕೋ ಬರುವುದು ನಿಂತುವು.

ನಾಲ್ಕು ತಿಂಗಳ ಮೌನ

ಮೊದಲ ತಿಂಗಳು ಆಕೆ, "ಅಣ್ಣ, ಮುಂದಿನ ತಿಂಗಳು ಎರಡೂ ಒಟ್ಟಿಗೆ ಕೊಡುತ್ತೇನೆ" ಎಂದರು. ಮಾಲಕರು, "ಆಗಲಿ ಅಮ್ಮ, ಅವಸರ ಇಲ್ಲ" ಎಂದರು. ಎರಡನೇ ತಿಂಗಳು ಆಕೆ ಮಾತನಾಡಲಿಲ್ಲ, ಇವರೂ ಕೇಳಲಿಲ್ಲ. ಊರಿನವರು, ಸಂಘದ ಕಾರ್ಯಕ್ರಮದಲ್ಲಿ ಒಟ್ಟಿಗೆ ಕೂತು ಉಂಡವರು, ಹೇಗೆ ಕೇಳುವುದೆಂಬ ದಾಕ್ಷಿಣ್ಯ. ಮೂರನೇ ತಿಂಗಳು ಮಾರ್ಕೆಟಿನಲ್ಲಿ ಎದುರಾದಾಗ ಆಕೆ ದಾರಿ ಬದಲಿಸಿದರು. ನಾಲ್ಕನೇ ತಿಂಗಳಿಗೆ ಬಾಕಿ 26,000 ರೂಪಾಯಿಯಾಗಿ ಡಿಪಾಸಿಟಿನ ಮೊತ್ತವನ್ನೇ ದಾಟಿತು.

ದಾಕ್ಷಿಣ್ಯ ಒಳ್ಳೆಯ ಗುಣವೇ. ಆದರೆ ಹಣದ ವಿಷಯದಲ್ಲಿ ಅದು ಇಬ್ಬರನ್ನೂ ಮುಳುಗಿಸುತ್ತದೆ ಎಂಬುದಕ್ಕೆ ಈ ನಾಲ್ಕು ತಿಂಗಳೇ ಸಾಕ್ಷಿ. ಮೊದಲ ತಿಂಗಳೇ ಕೂತು ಮಾತಾಡಿದ್ದರೆ ಬಾಕಿ ಆರೂವರೆ ಸಾವಿರದಲ್ಲಿ ನಿಲ್ಲುತ್ತಿತ್ತು. ಪೆನ್ಶನ್ ನಿಂತ ಕಾರಣವೂ ಆಗಲೇ ಗೊತ್ತಾಗುತ್ತಿತ್ತು.

ಮಾಲಕರ ಮನೆಯಲ್ಲಿ ಮಾತಿನ ಚಕಮಕಿ ಆರಂಭವಾಯಿತು. ಪುಣೆಯಲ್ಲಿರುವ ಮಗ ಫೋನಿನಲ್ಲಿ, "ಅಪ್ಪ, ಧರ್ಮ ಮಾಡುವುದಾದರೆ ಸಂಘಕ್ಕೆ ದೇಣಿಗೆ ಕೊಡಿ, ರಶೀದಿಯಾದರೂ ಸಿಗುತ್ತದೆ. ನಿಮ್ಮ ಔಷಧಿಯ ಹಣ ಬಿಟ್ಟುಕೊಡಬೇಡಿ" ಎಂದ. ಅವನ ಮಾತಿನಲ್ಲೂ ನ್ಯಾಯವಿತ್ತು. ಏಜೆಂಟ್ ಬಂದು, 7,500 ಕೊಡುವ ಪಾರ್ಟಿ ತಯಾರಿದೆ, ಎರಡು ದಿನ ಲೈಟು ನೀರು ಬಂದ್ ಮಾಡಿದರೆ ರೂಮು ತಾನಾಗಿಯೇ ಖಾಲಿಯಾಗುತ್ತದೆ ಎಂದು ಸಲಹೆ ಕೊಟ್ಟ. ಇಂಥ ಸಲಹೆ ಕೊಡುವವರಿಗೆ ಈ ಶಹರದಲ್ಲಿ ಬರಗಾಲವಿಲ್ಲ.

ಮಾಲಕರಿಗೆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಬೆಳಿಗ್ಗೆ ಕರಾರು ಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು, ಪರಿಚಯದ ಕನ್ನಡಿಗ ವಕೀಲರೊಬ್ಬರ ಬಾಗಿಲು ತಟ್ಟಿದರು.

ಕಾನೂನು ಏನು ಹೇಳುತ್ತದೆ?

ಹಳೆಯ ಮುಂಬಯಿಯ ಮಾಲಕರಿಗೆ ಬಾಡಿಗೆದಾರರೆಂದರೆ ಒಂದು ಭಯ. ಅದಕ್ಕೆ ಕಾರಣವೂ ಇದೆ. 1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯಿದೆ, ಹಳೆಯ ಮನೆಗಳ ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರ ಮಟ್ಟಕ್ಕೆ ಕಟ್ಟಿಹಾಕಿತ್ತು. 1973ರ ತಿದ್ದುಪಡಿಯಿಂದ, ಆ ವರ್ಷದ ಫೆಬ್ರವರಿ 1ರಂದು ಲೈಸೆನ್ಸ್ ಮೇಲೆ ಮನೆಯಲ್ಲಿದ್ದವರು ಕೂಡ ಸಂರಕ್ಷಿತ ಬಾಡಿಗೆದಾರರಾದರು. ಚಾಳಿನ ರೂಮಿಗೆ ಇಂದಿಗೂ ಕೆಲವೇ ನೂರು ರೂಪಾಯಿ ಬಾಡಿಗೆ ಇರುವುದು ಆ ಪರಂಪರೆಯಿಂದ. ಮನೆಯೊಳಗೆ ಹೊಕ್ಕವರು ಹೊರಡುವುದಿಲ್ಲ ಎಂಬ ಮಾತು ಹುಟ್ಟಿದ್ದು ಹೀಗೆ.

2000ದ ಮಾರ್ಚ್ 31ರಿಂದ ಜಾರಿಗೆ ಬಂದ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ 1999, ಲೀವ್ ಆ್ಯಂಡ್ ಲೈಸೆನ್ಸ್ ಕರಾರಿನ ಮಾಲಕರಿಗೆ ಬೇರೆಯೇ ದಾರಿ ತೆರೆಯಿತು. ಅದರ 24ನೇ ಕಲಮಿನ ಪ್ರಕಾರ, ವಾಸಕ್ಕಾಗಿ ಕೊಟ್ಟ ಮನೆಯ ಅವಧಿ ಮುಗಿದ ಮೇಲೂ ಬಿಡದಿದ್ದರೆ ಮಾಲಕರು ಸಾಮಾನ್ಯ ಕೋರ್ಟಿನಲ್ಲಿ ವರ್ಷಗಟ್ಟಲೆ ಅಲೆಯಬೇಕಿಲ್ಲ. ಇದಕ್ಕೆಂದೇ ನೇಮಿಸಿದ ಸಕ್ಷಮ ಪ್ರಾಧಿಕಾರಿಗೆ ಅರ್ಜಿ ಕೊಡಬಹುದು. ಅವಧಿ ಮೀರಿ ಕೂತ ದಿನಗಳಿಗೆ ಕರಾರಿನ ಬಾಡಿಗೆಯ ಎರಡು ಪಟ್ಟು ಹಣವನ್ನು ನಷ್ಟ ಪರಿಹಾರವಾಗಿ ಕೇಳಬಹುದು.

ಇದೆಲ್ಲ ಕೈಗೂಡಲು ಕರಾರು ಲಿಖಿತವಾಗಿರಬೇಕು, ನೋಂದಣಿಯಾಗಿರಬೇಕು. ಹನ್ನೊಂದು ತಿಂಗಳ ಕರಾರಿಗೆ ನೋಂದಣಿ ಬೇಡ ಎಂದು ನಮ್ಮಲ್ಲಿ ಬಹಳ ಮಂದಿ ಇನ್ನೂ ನಂಬಿದ್ದಾರೆ. ಬೇರೆ ರಾಜ್ಯಗಳ ಪದ್ಧತಿ ಹೇಗೇ ಇರಲಿ, ಮಹಾರಾಷ್ಟ್ರದಲ್ಲಿ ಈ ಕಾಯಿದೆಯ 55ನೇ ಕಲಮು ಅವಧಿ ಎಷ್ಟೇ ಇದ್ದರೂ ನೋಂದಣಿ ಕಡ್ಡಾಯ ಎನ್ನುತ್ತದೆ. ಅದನ್ನು ಮಾಡಿಸುವ ಜವಾಬ್ದಾರಿ ಮಾಲಕರದ್ದು. ತಪ್ಪಿದರೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನೋಂದಣಿ ಇಲ್ಲದಿದ್ದಲ್ಲಿ ತಕರಾರು ಎದ್ದಾಗ, ಬೇರೆ ರೀತಿ ರುಜುವಾತಾಗುವ ತನಕ, ಕರಾರಿನ ಷರತ್ತಿನ ಬಗ್ಗೆ ಬಾಡಿಗೆದಾರರು ಹೇಳಿದ್ದೇ ನಿಲ್ಲುತ್ತದೆ.

ವಕೀಲರು ಇನ್ನೊಂದು ಮಾತನ್ನೂ ಒತ್ತಿ ಹೇಳಿದರು. ದಾರಿ ಇರುವುದು ಪ್ರಾಧಿಕಾರಿಯ ಬಾಗಿಲಿಗೆ, ರೂಮಿನ ಬೀಗಕ್ಕಲ್ಲ. ಬಾಡಿಗೆದಾರರ ನೀರು, ವಿದ್ಯುತ್ ಮುಂತಾದ ಅಗತ್ಯ ಸೌಕರ್ಯಗಳನ್ನು ಮಾಲಕರು ಕಡಿದು ಹಾಕುವುದನ್ನು ಇದೇ ಕಾಯಿದೆಯ 29ನೇ ಕಲಮು ತಡೆಯುತ್ತದೆ. ಸಾಮಾನು ಹೊರಗೆ ಎಸೆಯುವ, ಬೀಗ ಬದಲಿಸುವ ಅಧಿಕಾರವೂ ಯಾವ ಮಾಲಕರಿಗೂ ಇಲ್ಲ. ಏಜೆಂಟನ ಮಾತು ಕೇಳಿದ್ದರೆ ತಪ್ಪಿತಸ್ಥರ ಜಾಗದಲ್ಲಿ ಮಾಲಕರೇ ನಿಲ್ಲಬೇಕಾಗುತ್ತಿತ್ತು.

ಕರಾರು ಮುಗಿಯಲು ಇನ್ನೆರಡು ತಿಂಗಳಿತ್ತು. "ನೋಟಿಸು ಬೇಕಾದರೆ ನಾಳೆಯೇ ಬರೆದುಕೊಡುತ್ತೇನೆ. ಅದಕ್ಕೆ ಮೊದಲು ಹಣ ಯಾಕೆ ನಿಂತಿತೆಂದು ಕೇಳಿದ್ದೀರಾ?" ಎಂದು ವಕೀಲರು ಕೇಳಿದಾಗ ಮಾಲಕರ ಬಳಿ ಉತ್ತರವಿರಲಿಲ್ಲ.

ಎರಡು ಪೆನ್ಶನ್, ಎರಡು ಗಂಟು

ಆ ಭಾನುವಾರ ಮಾಲಕರು ಒಬ್ಬರೇ ಹೋಗಲಿಲ್ಲ, ಹೆಂಡತಿಯನ್ನೂ ಕರೆದುಕೊಂಡು ಹೋದರು. ಬಾಗಿಲು ತೆರೆದ ಆಕೆಗೆ ಕಣ್ಣೀರು ತಡೆಯಲಿಲ್ಲ. ಮಾಲಕರ ಹೆಂಡತಿ ಬಾಡಿಗೆಯ ಮಾತೆತ್ತದೆ, "ಅಕ್ಕ, ನಿಮ್ಮ ಪಾಸ್‌ಬುಕ್ ಎಲ್ಲ ಒಮ್ಮೆ ಇಲ್ಲಿ ತನ್ನಿ, ನೋಡುವಾ" ಎಂದರು. ಟ್ರಂಕಿನಿಂದ ಎರಡು ಪಾಸ್‌ಬುಕ್ ಹೊರಬಂತು. ಗಂಟು ಬಿಚ್ಚಿದ್ದು ಅಲ್ಲಿಂದ.

ಮೊದಲನೆಯದು ಪಿಎಫ್ ಇಲಾಖೆಯ ಪೆನ್ಶನ್. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ, ಸದಸ್ಯರು ತೀರಿಕೊಂಡರೆ ಪತ್ನಿಗೆ ಪೆನ್ಶನ್ ಸಿಗುತ್ತದೆ. ಇದರ ಕನಿಷ್ಠ ಮೊತ್ತವನ್ನು 2014ರ ಸೆಪ್ಟೆಂಬರ್ 1ರಿಂದ ತಿಂಗಳಿಗೆ 1,000 ರೂಪಾಯಿ ಎಂದು ನಿಗದಿ ಮಾಡಲಾಯಿತು. ದಶಕ ಕಳೆದರೂ ಆ ಅಂಕಿ ಕದಲಲಿಲ್ಲ, ಬಾಡಿಗೆ ಮಾತ್ರ ಏರುತ್ತಲೇ ಹೋಯಿತು. ಈ ಪೆನ್ಶನ್ ಮುಂದುವರಿಯಬೇಕಾದರೆ ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ ಕೊಡಬೇಕು. ಮೊದಲು ಎಲ್ಲರೂ ನವಂಬರಿನಲ್ಲೇ ಕೊಡಬೇಕಿತ್ತು. 2020ರಿಂದ ವರ್ಷದ ಯಾವ ತಿಂಗಳಲ್ಲೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ಈ ಅನುಕೂಲವೇ ಕೆಲವರಿಗೆ ಅನನುಕೂಲವಾಗಿದೆ, ಏಕೆಂದರೆ ತಮ್ಮ ತಿಂಗಳು ಯಾವುದೆಂದು ನೆನಪಿರುವುದಿಲ್ಲ.

ಆಕೆ ಮರೆತಿರಲಿಲ್ಲ. ಸೇವಾ ಕೇಂದ್ರಕ್ಕೆ ಎರಡು ಸಲ ಹೋಗಿದ್ದರು. ಪಾತ್ರೆ ತಿಕ್ಕಿ, ಬಟ್ಟೆ ಒಗೆದು ಸವೆದ ಬೆರಳಿನ ಗೆರೆ ಯಂತ್ರಕ್ಕೆ ಹತ್ತಲಿಲ್ಲ. ಇನ್ನೊಂದು ದಿನ ಬನ್ನಿ ಎಂದರು. ಅಷ್ಟರಲ್ಲಿ ಮೊಣಕಾಲು ನೋವು ಜೋರಾಗಿ ಮಹಡಿ ಇಳಿಯುವುದೇ ನಿಂತಿತು. ಪ್ರಮಾಣಪತ್ರದ ಅವಧಿ ಮುಗಿಯಿತು, ಪೆನ್ಶನ್ ನಿಂತಿತು.

ಬೆರಳು ಹತ್ತದವರಿಗೆಂದೇ 2021ರ ನವಂಬರಿನಿಂದ ಮುಖ ತೋರಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಬಂದಿದೆ ಎಂಬುದು ಆಕೆಗೆ ಗೊತ್ತಿರಲಿಲ್ಲ. ಮಾಲಕರ ಮೊಮ್ಮಗಳು ರಜೆಗೆ ಬಂದಿದ್ದಳು. ಮೊಬೈಲಿನಲ್ಲಿ ಆಧಾರ್ ಮುಖ ಗುರುತಿನ ಆ್ಯಪ್ ಮತ್ತು ಜೀವನ್ ಪ್ರಮಾಣ್ ಆ್ಯಪ್ ಎರಡನ್ನೂ ಹಾಕಿ, ಕಿಟಕಿಯ ಬೆಳಕಿನಲ್ಲಿ ಕೂರಿಸಿ, "ಅಜ್ಜಿ, ಒಮ್ಮೆ ಕಣ್ಣು ಮಿಟುಕಿಸಿ" ಎಂದಳು. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಪ್ರಮಾಣಪತ್ರ ಸಂದ ಮೇಲೆ ನಿಂತ ತಿಂಗಳುಗಳ ಪೆನ್ಶನ್ ಮುಳುಗುವುದಿಲ್ಲ, ಬಾಕಿ ಸಮೇತ ಬರುತ್ತದೆ. ಹಾಗೆ ಐದು ತಿಂಗಳ 5,000 ರೂಪಾಯಿ ಖಾತೆಗೆ ಬಂತು.

ಎರಡನೆಯ ಗಂಟು ಇನ್ನೂ ವಿಚಿತ್ರ. ಮಹಾರಾಷ್ಟ್ರ ಸರಕಾರದ ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆ 1980ರಷ್ಟು ಹಳೆಯದು. ಅರುವತ್ತೈದು ವರ್ಷದೊಳಗಿನ ನಿರಾಧಾರ ವಿಧವೆಯರು, ಅಂಗವಿಕಲರು ಮುಂತಾದವರಿಗೆ ಇದರ ನೆರವು ಸಿಗುತ್ತದೆ. ರಾಜ್ಯದಲ್ಲಿ ಕನಿಷ್ಠ ಹದಿನೈದು ವರ್ಷ ವಾಸವಾಗಿರಬೇಕು, ವಿಧವೆಯರ ಮಟ್ಟಿಗೆ ಕುಟುಂಬದ ವಾರ್ಷಿಕ ಆದಾಯ 21,000 ರೂಪಾಯಿಯೊಳಗಿರಬೇಕು. ಮೊತ್ತ 2023ರಲ್ಲಿ ತಿಂಗಳಿಗೆ 1,000ದಿಂದ 1,500ಕ್ಕೆ ಏರಿತು. 65 ದಾಟಿದವರಿಗೆ ಶ್ರಾವಣಬಾಳ ಯೋಜನೆ ಇದೆ. 2024ರ ಜುಲೈಯಲ್ಲಿ ಆರಂಭವಾದ ಲಾಡ್ಕಿ ಬಹೀಣ್ ಯೋಜನೆಯ 1,500 ಕೂಡ ಸಿಕ್ಕೀತೆಂದು ಕೆಲವರು ಆಶೆಪಟ್ಟಿದ್ದರು. ಆದರೆ ಬೇರೆ ಸರಕಾರಿ ಯೋಜನೆಯಲ್ಲಿ ಈಗಾಗಲೇ ಅಷ್ಟು ಹಣ ಪಡೆಯುವವರಿಗೆ ಅದು ಅನ್ವಯಿಸದು.

ನಿರಾಧಾರ ಯೋಜನೆಯ ಹಣವನ್ನು ಆಧಾರ್ ಮೂಲಕ ನೇರ ಜಮೆ ಮಾಡುವ ಪದ್ಧತಿಗೆ ತಂದಾಗ, ಹಣ ನಾವು ಅರ್ಜಿಯಲ್ಲಿ ಬರೆದ ಖಾತೆಗೆ ಹೋಗುವುದಿಲ್ಲ. ಆಧಾರನ್ನು ಕೊನೆಯದಾಗಿ ಯಾವ ಬ್ಯಾಂಕಿನ ಖಾತೆಗೆ ಜೋಡಿಸಲಾಗಿದೆಯೋ ಅಲ್ಲಿಗೆ ಹೋಗುತ್ತದೆ. ಆಕೆ ಕೆಲವು ವರ್ಷಗಳ ಹಿಂದೆ ಒಂದು ಶಿಬಿರದಲ್ಲಿ ಇನ್ನೊಂದು ಬ್ಯಾಂಕಿನಲ್ಲಿ ಜನ್‌ಧನ್ ಖಾತೆ ತೆರೆದು ಆಧಾರ್ ಜೋಡಿಸಿದ್ದರು. ಆ ಪಾಸ್‌ಬುಕ್ ಟ್ರಂಕಿನ ತಳದಲ್ಲಿ ಸೀರೆಗಳ ಕೆಳಗಿತ್ತು. ಸೋಮವಾರ ಬ್ಯಾಂಕಿನಲ್ಲಿ ಅದನ್ನು ಯಂತ್ರಕ್ಕೆ ಹಾಕಿದಾಗ ಆರು ತಿಂಗಳ ಹಣ, 9,000 ರೂಪಾಯಿ, ಸಾಲು ಸಾಲಾಗಿ ಮುದ್ರಣವಾಗಿ ಬಂತು. ಆಕೆ ರಾತ್ರಿ ಗಂಜಿ ಕುಡಿದು ಮಲಗುತ್ತಿದ್ದ ಅಷ್ಟೂ ದಿನ ಆಕೆಯದ್ದೇ ಹಣ ಆಕೆಯದ್ದೇ ಹೆಸರಿನಲ್ಲಿ ಬಿದ್ದಿತ್ತು!

ಆದರೂ ಲೆಕ್ಕ ಸರಿಹೋಗಲಿಲ್ಲ

ಇಲ್ಲಿಗೆ ಕಥೆ ಸುಖಾಂತ್ಯವಾಯಿತು ಎಂದು ಬರೆದು ಮುಗಿಸಬಹುದಿತ್ತು. ಆದರೆ ಕಾಗದ ಪೆನ್ನು ಹಿಡಿದು ಕೂತಾಗ ಸತ್ಯ ಬೇರೆಯೇ ಇತ್ತು. ಎರಡೂ ಪೆನ್ಶನ್ ಸರಿಯಾಗಿ ಬಂದರೂ ತಿಂಗಳಿಗೆ 2,500 ರೂಪಾಯಿ. ಬಾಡಿಗೆ 6,500. ಮಾಲಕರು ಸಾವಿರ ಇಳಿಸಿದರೂ, ಎರಡು ಸಾವಿರ ಇಳಿಸಿದರೂ ಮುಟ್ಟುವ ದೂರವಲ್ಲ. ಮಗಳ ಹಣ ಮತ್ತೆ ಯಾವಾಗ ಬರುವುದೆಂದು ಹೇಳುವಂತಿರಲಿಲ್ಲ.

ನಮ್ಮ ದೇಶದಲ್ಲಿ ವೃದ್ಧರಿಗೆ, ವಿಧವೆಯರಿಗೆ ಸಿಗುವ ನೆರವು ಹೊಟ್ಟೆಯ ಒಂದು ಮೂಲೆಗೆ ಸಾಕಾಗುವಷ್ಟೇ. ಬಾಡಿಗೆಯನ್ನು ಗಣನೆಗೆ ತೆಗೆದುಕೊಂಡು ಅದನ್ನು ನಿಗದಿ ಮಾಡಿದ್ದಲ್ಲ. ನಮ್ಮವರ ಅನೇಕ ಮಕ್ಕಳು ನೆಲೆಸಿರುವ ಇಂಗ್ಲೆಂಡಿನಲ್ಲಿ ಕ್ರಮ ಬೇರೆ. ಅಲ್ಲಿ 2013ರಿಂದ ಹಂತ ಹಂತವಾಗಿ ಬಂದ ಯೂನಿವರ್ಸಲ್ ಕ್ರೆಡಿಟ್ ಎಂಬ ಸರಕಾರಿ ನೆರವಿನಲ್ಲಿ ಮನೆ ಬಾಡಿಗೆಗೆಂದೇ ಒಂದು ಭಾಗವಿದೆ. ಖಾಸಗಿ ಬಾಡಿಗೆಗೆ ಪ್ರದೇಶವಾರು ಮಿತಿಯೂ ಇದೆ. ಎರಡು ತಿಂಗಳ ಬಾಡಿಗೆ ಬಾಕಿಯಾದರೆ ಆ ಭಾಗವನ್ನು ನೇರವಾಗಿ ತನಗೇ ಪಾವತಿಸುವಂತೆ ಮಾಲಕ ಸರಕಾರಕ್ಕೆ ಅರ್ಜಿ ಹಾಕಬಹುದು. ಅಲ್ಲೂ ಬಾಡಿಗೆ ಮತ್ತು ನೆರವಿನ ನಡುವೆ ಕಂದಕ ಇಲ್ಲದಿಲ್ಲ. ಆದರೆ ಕೇಳಲು ಒಂದು ಬಾಗಿಲಾದರೂ ಇದೆ. ಡೊಂಬಿವಲಿಯ ರೂಮಿನಲ್ಲಿ ಮಾಲಕ ಮತ್ತು ಬಾಡಿಗೆದಾರರು ಪರಸ್ಪರ ಮುಖ ನೋಡಿಕೊಳ್ಳಬೇಕಷ್ಟೆ.

ಮಾಲಕರು ಮುಚ್ಚುಮರೆ ಮಾಡಲಿಲ್ಲ. "ಅಮ್ಮ, ನಿಮ್ಮನ್ನು ಹೊರಗೆ ಹಾಕಲು ನನಗೆ ಮನಸ್ಸಿಲ್ಲ. ಆದರೆ ಈ ರೂಮು ಇನ್ನು ನಿಮ್ಮಿಂದ ಸಾಧ್ಯವಿಲ್ಲ, ಬಾಡಿಗೆ ಇಲ್ಲದೆ ನನ್ನಿಂದಲೂ ಸಾಧ್ಯವಿಲ್ಲ. ಕರಾರು ಮುಗಿಯುವ ತನಕ ಇರಿ. ಅಷ್ಟರಲ್ಲಿ ನಿಮಗೊಂದು ದಾರಿ ಹುಡುಕುವಾ" ಎಂದರು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣ, ಇದನ್ನು ಯಾರಾದರೂ ಹೇಳಲಿ ಎಂದೇ ಕಾದಿದ್ದೆ. ನಾನಾಗಿ ಹೇಳಲು ಧೈರ್ಯ ಬರಲಿಲ್ಲ" ಎಂದರಂತೆ.

ಮಾತಾಡಿದ್ದನ್ನೆಲ್ಲ ಒಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿದರು. ಕರಾರು ಮುಗಿಯುವಾಗ ಒಟ್ಟು ಆರು ತಿಂಗಳ ಬಾಕಿ 39,000 ರೂಪಾಯಿ. ಡಿಪಾಸಿಟ್ 25,000 ವಜಾ ಮಾಡಿದರೆ ಉಳಿದದ್ದು 14,000. ಆಕೆಗೆ ಬಂದ ಬಾಕಿ ಪೆನ್ಶನ್ ಕೂಡ 5,000 ಮತ್ತು 9,000 ಸೇರಿ ಸರಿಯಾಗಿ ಹದಿನಾಲ್ಕು ಸಾವಿರ! ಆಕೆ ಅಷ್ಟನ್ನೂ ತಂದು ಮುಂದಿಟ್ಟರು. ಮಾಲಕರು 5,000 ತೆಗೆದುಕೊಂಡು ರಶೀದಿ ಬರೆದುಕೊಟ್ಟರು. 9,000ವನ್ನು ಹಿಂದಕ್ಕೆ ಕೊಟ್ಟು, ಬಾಕಿ ಇನ್ನೇನೂ ಇಲ್ಲವೆಂದು ಅದೇ ಕಾಗದದಲ್ಲಿ ಬರೆದರು. ಅವರಿಗೆ ಒಂಬತ್ತು ಸಾವಿರವೆಂದರೆ ಎರಡು ತಿಂಗಳ ಔಷಧಿ. ಆ ಎರಡು ತಿಂಗಳ ಔಷಧಿಯ ಬಿಲ್ಲನ್ನು ಪುಣೆಯ ಮಗ ಕಟ್ಟಿದ. ಮೊದಲು ಬೇಡವೆಂದವನೂ ಅವನೇ.

ಸಂಘದ ಮಹಿಳಾ ವಿಭಾಗದ ಪಾತ್ರ

ಹೋಗುವುದೆಲ್ಲಿಗೆ? ಇಲ್ಲಿ ನೆರವಿಗೆ ಬಂದದ್ದು ಆ ಭಾಗದ ಒಂದು ಕನ್ನಡ ಸಂಘದ ಮಹಿಳಾ ವಿಭಾಗ. ಅರಸಿನ ಕುಂಕುಮ ಕಾರ್ಯಕ್ರಮದ ಯಾದಿ ಹಿಡಿದು ಒಂದೊಂದೇ ಫೋನು ಮಾಡಿದಾಗ, ಬದ್ಲಾಪುರದಲ್ಲಿ ಸ್ವಂತ ಮನೆಯಲ್ಲಿ ಒಂಟಿಯಾಗಿರುವ ಎಪ್ಪತ್ತೆಂಟರ ಹಿರಿಯರೊಬ್ಬರು ಸಿಕ್ಕಿದರು. ಮಕ್ಕಳು ಗಲ್ಫಿನಲ್ಲಿ. ರಾತ್ರಿ ಜೊತೆಗೆ ಒಬ್ಬರು ಬೇಕೆಂದು ಅವರು ವರ್ಷದಿಂದ ಹುಡುಕುತ್ತಿದ್ದರು. ಬಾಡಿಗೆ ಬೇಡ, ರೇಶನ್ ಮತ್ತು ಲೈಟ್ ಬಿಲ್ಲು ಅರ್ಧ ಅರ್ಧ ಎಂದು ಒಪ್ಪಂದವಾಯಿತು. ಮೊದಲು ಒಂದು ತಿಂಗಳು ಇದ್ದು ನೋಡುವುದು, ಯಾರಿಗೂ ಸರಿಬಾರದಿದ್ದರೆ ಮುಲಾಜಿಲ್ಲದೆ ಹೇಳುವುದು ಎಂಬ ಷರತ್ತನ್ನೂ ಮಹಿಳಾ ವಿಭಾಗದವರು ಸೇರಿಸಿದರು. ಒಂದು ತಿಂಗಳಾಯಿತು, ಇಬ್ಬರೂ ಮುಂದುವರಿಸಲು ಒಪ್ಪಿದರು. 2,500 ರೂಪಾಯಿ ಡೊಂಬಿವಲಿಯ ರೂಮಿಗೆ ಸಾಲುತ್ತಿರಲಿಲ್ಲ, ಬದ್ಲಾಪುರದ ಅರ್ಧ ಅಡುಗೆಮನೆಗೆ ಸಾಲುತ್ತದೆ.

ಎಲ್ಲರಿಗೂ ಇಂಥ ಮನೆ ಸಿಗಲಾರದು. ಆದ್ದರಿಂದ ಈ ಒಂದು ಪ್ರಕರಣದಿಂದ ಎಲ್ಲ ಸಂಘಗಳೂ ಕಲಿಯಬೇಕಾದದ್ದಿದೆ. ನಮ್ಮ ಸಂಘಗಳು ವರ್ಷಕ್ಕೊಮ್ಮೆ ವಿದ್ಯಾರ್ಥಿವೇತನ ಕೊಡುತ್ತವೆ, ವೈದ್ಯಕೀಯ ಶಿಬಿರ ನಡೆಸುತ್ತವೆ, ಹಿರಿಯರಿಗೆ ಶಾಲು ಹೊದೆಸುತ್ತವೆ. ಇದೆಲ್ಲ ಸ್ತುತ್ಯರ್ಹ. ಅದರ ಜೊತೆಗೆ ವರ್ಷಕ್ಕೊಂದು ಭಾನುವಾರ, ಸಭಾಗೃಹದಲ್ಲಿ ನಾಲ್ಕು ಮೊಬೈಲು ಮತ್ತು ನಾಲ್ಕು ಕಾಲೇಜು ಮಕ್ಕಳನ್ನು ಕೂರಿಸಿದರೆ ಪೆನ್ಶನ್‌ದಾರರ ಜೀವಿತ ಪ್ರಮಾಣಪತ್ರ ಅಲ್ಲೇ ಆಗುತ್ತದೆ. ಆಧಾರ್ ಯಾವ ಬ್ಯಾಂಕಿಗೆ ಜೋಡಿಸಿದೆ ಎಂಬುದನ್ನು ಆಧಾರ್‌ನ ಜಾಲತಾಣದಲ್ಲಿ ಅಲ್ಲೇ ನೋಡಿ ಹೇಳಬಹುದು. ನಡೆಯಲಾಗದವರ ಮನೆಗೆ ಪೋಸ್ಟ್‌ಮ್ಯಾನ್ ಬಂದು ಪ್ರಮಾಣಪತ್ರ ಮಾಡಿಕೊಡುವ ಸೌಲಭ್ಯ ಅಂಚೆ ಪೇಮೆಂಟ್ಸ್ ಬ್ಯಾಂಕಿನಲ್ಲಿದೆ ಎಂದು ತಿಳಿಸಬಹುದು. ಖರ್ಚು ಚಹಾ ಅವಲಕ್ಕಿಯದ್ದು ಮಾತ್ರ.

ಬಾಡಿಗೆಗಿರುವ ಮಹಿಳೆಯರಿಗೆ ಇನ್ನೊಂದು ಮಾಹಿತಿ ಅಗತ್ಯ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯಿದೆಯ ಪ್ರಕಾರ ಮಹಿಳೆಯರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ಮನೆ ಬಿಡೆಂದು ಯಾರಾದರೂ ಬೆದರಿಸಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಾಗಿಲು ತಟ್ಟಬಹುದು.

ಮಾಲಕರಿಗೂ ನಾಲ್ಕು ಮಾತು. ಪರಿಚಯದವರೆಂದು ಕರಾರು ನೋಂದಣಿ ಮಾಡಿಸದೆ ಬಿಡಬೇಡಿ. ಬಾಡಿಗೆಯನ್ನು ಬ್ಯಾಂಕಿನ ಮೂಲಕವೇ ಪಡೆಯಿರಿ, ನಗದು ಪಡೆದರೆ ರಶೀದಿ ಕೊಡಿ. ಮೊದಲ ತಿಂಗಳು ಬಾಡಿಗೆ ತಪ್ಪಿದಾಗಲೇ ಹೋಗಿ ಕಾರಣ ಕೇಳಿ. ಕೇಳುವುದು ಅವಮಾನವಲ್ಲ, ಕೇಳದೆ ನಾಲ್ಕು ತಿಂಗಳು ಕಾದು ಐದನೇ ತಿಂಗಳು ಬೀಗ ಹಾಕಲು ಹೊರಡುವುದು ಅವಮಾನ. ಎಷ್ಟು ಬಿಟ್ಟುಕೊಡಲು ಸಾಧ್ಯ, ಎಷ್ಟು ಸಾಧ್ಯವಿಲ್ಲ ಎಂಬುದನ್ನು ನಿಮ್ಮ ಮನೆಯ ಲೆಕ್ಕ ನೋಡಿ ತೀರ್ಮಾನಿಸಿ, ಅದನ್ನು ಕಾಗದದಲ್ಲಿ ಬರೆಯಿರಿ. ಬರೆಯದ ಉಪಕಾರ ಮುಂದೊಂದು ದಿನ ಜಗಳವಾಗುತ್ತದೆ.

ಡೊಂಬಿವಲಿಯ ಆ ರೂಮಿಗೆ ಈಗ ಹೊಸ ಸಂಸಾರವೊಂದು ಬಂದಿದೆ, ಬಾಡಿಗೆ 7,500 ರೂಪಾಯಿ. ಕರಾರು ನೋಂದಣಿಯಾಗಿದೆ. ಬದ್ಲಾಪುರದಿಂದ ಆಕೆ ಆಗಾಗ ಫೋನು ಮಾಡುತ್ತಾರೆ. ಮುಂದಿನ ಜೀವಿತ ಪ್ರಮಾಣಪತ್ರದ ತಿಂಗಳು ಯಾವುದೆಂಬುದನ್ನು ಮಾಲಕರ ಹೆಂಡತಿ ತಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿಟ್ಟಿದ್ದಾರೆ.